ಕಂಸದೊಳಗೆ ಗಣಪಯ್ಯ

8 ಜೂನ್ 2008, ಭಾನುವಾರ

ಬರೆದದ್ದೆಲ್ಲವನ್ನೂ ಇವತ್ತು ಡಮ್ ಡಮ್‌ಗೆ ಹೋಗಿ ಕೊಟ್ಟು ಬಂದೆ. ಕೊಡುವ ಮೊದಲು ಕಟ್ಟಿನ ಮೇಲೆ ದಪ್ಪಗೆ 'ಸುಗಂಧಿ ಗಣಪಯ್ಯ, ಲೇಕ್ ಗಾರ್ಡನ್ಸ್' ಎಂದು ಬರೆದೆ. ಒಳಗೆ ಪ್ರತಿ ಹಾಳೆಯ ಮೂಲೆಯಲ್ಲೂ ಅದನ್ನೇ ಬರೆದೆ. ಎರಡು ವರ್ಷದ ಹಿಂದೆ ಕನ್ನಡ ಸಂಘದ ಸಂಚಿಕೆಯಲ್ಲಿ ನನ್ನ ಲೇಖನ ಬಂದಾಗ ಹೆಸರಿನ ಬದಲು 'ಓರ್ವ ಸಹೋದರಿ' ಎಂದು ಹಾಕಿದ್ದರು. ಕೇಳಿದರೆ ಜಾಗ ಸಾಲಲಿಲ್ಲವಂತೆ. ಅದರ ಎದುರಿನ ಪುಟದಲ್ಲಿ ಅಗರಬತ್ತಿಯ ಜಾಹೀರಾತಿಗೆ ಬೇಕಾದಷ್ಟು ಜಾಗವಿತ್ತು.

ಈ ಸಲದ್ದು ಪುಸ್ತಕ. ಕಲ್ಕತ್ತೆಯ ಕನ್ನಡದವರ ಮನೆಗಳ ಅಡುಗೆ, ಬಾಣಂತನ, ಹಬ್ಬ, ಇಲ್ಲಿಗೆ ಬಂದು ಕಲಿತದ್ದು, ಬಿಟ್ಟದ್ದು. ಮಾಡಿಸುತ್ತಿರುವವರು ಬ್ಯಾಂಕಿನ ಕೃಷ್ಣರಾಜರು. ಅವರು ಹೋಗಿ ಕೇಳಿದರೆ ಹೆಂಗಸರು ಚಹಾ ಕೊಟ್ಟು ಕಳಿಸುತ್ತಾರೆ, ಮಾತು ಕೊಡುವುದಿಲ್ಲ. ಅದಕ್ಕೇ ನನಗೆ ಹೇಳಿದ್ದು. ನಮ್ಮ ಹೋಟೆಲಿನ ಊಟದ ಡಬ್ಬಿ ಕೊಡಲು ಹೋದಾಗ ಅಡುಗೆಮನೆಯಲ್ಲಿ ಕೂತು ಕೇಳುತ್ತೇನೆ, ಮನೆಗೆ ಬಂದು ಬರೆಯುತ್ತೇನೆ. ನನಗೆ ಮಾತಾಡಲು ಬರುವುದಿಲ್ಲ. ಕೂತು ಕೇಳಲು ಬರುತ್ತದೆ.

ನಾನು ಓದಿದ್ದು ಐದನೆಯವರೆಗೆ, ಊರಿನಲ್ಲಿ. ಇಲ್ಲಿಗೆ ಬಂದ ಮೇಲೆ ಅಪ್ಪ ಶಾಲೆಗೆ ಹಾಕಲಿಲ್ಲ. ಹೋಟೆಲಿನಲ್ಲಿ ತೆಂಗಿನಕಾಯಿ ತುರಿಯಲು ಜನ ಬೇಕಿತ್ತು. ಇದನ್ನು ಎಷ್ಟನೇ ಸಲ ಬರೆಯುತ್ತಿದ್ದೇನೋ.

ಕೃಷ್ಣರಾಜರು ಕಟ್ಟನ್ನು ಕೈಯಲ್ಲಿ ತೂಗಿ ನೋಡಿ ನಕ್ಕರು. ಯಾಕೆ ನಕ್ಕರು?

22 ಜೂನ್, ಭಾನುವಾರ

ಭಾನುವಾರ ಮೆಟ್ರೊ ಶುರುವಾಗುವುದೇ ಮಧ್ಯಾಹ್ನದ ಮೇಲೆ. ಡಮ್ ಡಮ್ ತಲುಪುವಾಗ ಕೃಷ್ಣರಾಜರು ನನ್ನ ಹಾಳೆಗಳನ್ನು ಹರಡಿಕೊಂಡು ಕೆಂಪು ಪೆನ್ನು ಹಿಡಿದು ಕೂತಿದ್ದರು. ಒಂದೊಂದು ಸಾಲಿಗೂ ಬೆರಳಿಟ್ಟು ಇದು ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂದು ಕೇಳಿದರು. ಬಾಣಂತಿಗೆ ಮೂರನೇ ದಿನ ಕೊಡುವ ಕಷಾಯಕ್ಕೆ ಇಲ್ಲಿ ಓಮದ ಜೊತೆ ರಾಂಧುನಿ ಎಂಬ ಬಂಗಾಳಿ ಕಾಳನ್ನೂ ಹಾಕುತ್ತಾರೆ ಎಂದು ಬರೆದಿದ್ದೆ. ಯಾರು ಹೇಳಿದ್ದು? ನಾನು ಡಬ್ಬಿ ಕೊಡುವ ಮನೆಯ ಗೌರಜ್ಜಿ ಎಂದೆ. ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಅದನ್ನೂ ಬರೆದುಕೊಂಡರು.

ಹೆಚ್ಚು ಓದದವಳು ಎಲ್ಲವನ್ನೂ ತಲೆಯಿಂದ ಕಟ್ಟಿ ಬರೆದಿದ್ದಾಳೆ ಎಂದು ತಿಳಿದಿರಬೇಕು. ನಾನು ಬಗ್ಗಿಸಿದ ತಲೆ ಎತ್ತಲಿಲ್ಲ. ಅವರ ಹೆಂಡತಿ ಮನೋರಮಕ್ಕ ಚಕ್ಕುಲಿ ತಂದಿಟ್ಟರು, ಮುಟ್ಟಲಿಲ್ಲ.

ಹೊರಡುವಾಗ ಕೃಷ್ಣರಾಜರು, "ಸಂಶಯ ಅಲ್ಲ ಮಾರಾಯ್ತಿ. ಪುಸ್ತಕದಲ್ಲಿ ಪ್ರತಿ ಮಾತಿನ ಪಕ್ಕ ಕಂಸ ಹಾಕಿ, ಹೇಳಿದವರ ಹೆಸರು, ವರ್ಷ ಕೊಡುವುದು. ದೊಡ್ಡ ಪುಸ್ತಕಗಳಲ್ಲಿ ಹಾಗೆಯೇ" ಎಂದರು.

ಸಂಶಯ ಇಲ್ಲದಿದ್ದರೆ ಸಾಕ್ಷಿ ಯಾಕೆ?

20 ಜುಲೈ, ಭಾನುವಾರ

ಪುಸ್ತಕ ತಯಾರಾಗುವುದು ಕಂಪ್ಯೂಟರಿನಲ್ಲಿ. ಪುಟಕ್ಕೆ ಕೂರಿಸುವವನು ಕೃಷ್ಣರಾಜರ ಮಗ ರತ್ನಾಕರ. ಇಲ್ಲಿಯೇ ಹುಟ್ಟಿ ಬೆಳೆದವನು. ಕನ್ನಡ ಅರ್ಥವಾಗುತ್ತದೆ, ಆಡಿದರೆ ಹಿಂದಿ ಬರುತ್ತದೆ, ಇಂಗ್ಲಿಷ್ ಬರುತ್ತದೆ, ನಡುವೆ ಅಲ್ಲೊಂದು ಇಲ್ಲೊಂದು ಕನ್ನಡ. ನನಗಿಂತ ಎರಡು ವರ್ಷ ಚಿಕ್ಕವನಿರಬೇಕು, ದಿದಿ ಎನ್ನುತ್ತಾನೆ.

ಅವನು ಬಳಸುವ ಪ್ರೋಗ್ರಾಮಿಗೆ ದುಡ್ಡು ಕೊಡಬೇಕಿಲ್ಲವಂತೆ. ಒಳಗಿನ ಯಂತ್ರವನ್ನೆಲ್ಲ ತೆರೆದೇ ಇಟ್ಟಿದ್ದಾರೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಸರಿ ಮಾಡಬಹುದು, ಮಾಡಿದ್ದನ್ನು ಎಲ್ಲರಿಗೂ ಹಂಚಬಹುದು. ಮಾಡುವವರು ಬೇರೆ ಬೇರೆ ದೇಶದವರು, ಒಬ್ಬರ ಮುಖ ಒಬ್ಬರು ನೋಡಿಲ್ಲ. ಅಪ್ಪನಿಗೆ ಹೇಳಿದರೆ, ಪುಕ್ಕಟೆ ಸಾಂಬಾರು ಹಾಕುವ ಹೋಟೆಲಿನಲ್ಲಿ ಇಡ್ಲಿ ಸಣ್ಣದಿರುತ್ತದೆ ಎಂದರು. ನನಗೂ ಹಾಗೆಯೇ ಅನಿಸುತ್ತದೆ. ತೆರೆದಿಟ್ಟ ಮನೆಯಲ್ಲಿ ನನ್ನ ಹಾಳೆಗಳಿವೆ. ಯಾರು ಎತ್ತಿಕೊಂಡರೂ ನನಗೆ ಗೊತ್ತಾಗುವುದು ಹೇಗೆ?

ಆ ಪ್ರೋಗ್ರಾಮಿಗೆ ಸಾಲಿನ ಮೇಲೆ ಸಣ್ಣ ಅಂಕಿ ಹಾಕಿ ಪುಟದ ಬುಡದಲ್ಲಿ ಹೆಸರು ಬರೆಯಲು ಮಾತ್ರ ಬರುತ್ತದೆ. ಅದರ ಬದಲು ಹೆಸರು ಸಾಲಿನಲ್ಲಿಯೇ ಬರುವ ಹಾಗೆ ರತ್ನಾಕರ ಮಾಡುತ್ತಿದ್ದಾನೆ. ಕಾಗದದ ಮೇಲೆ ಎರಡು ಬಗೆ ಬರೆದು ತೋರಿಸಿದ. ಒಂದು, ಮಾತು ಮುಗಿದ ಮೇಲೆ (ಗೌರಿ, 2008) ಎಂದು ಇಡೀ ಹೆಸರನ್ನು ಕಂಸದೊಳಗೆ ಕೂರಿಸುವುದು. ಇನ್ನೊಂದು, 'ಗೌರಿ (2008) ಹೇಳುವಂತೆ' ಎಂದು ಹೆಸರನ್ನು ಹೊರಗೆ ಬಿಟ್ಟು ವರ್ಷವನ್ನು ಮಾತ್ರ ಒಳಗೆ ಹಾಕುವುದು. ಒಂದೇ ಮಾತನ್ನು ಇಬ್ಬರು ಹೇಳಿದ್ದರೆ ಇಬ್ಬರೂ ಒಂದೇ ಕಂಸದಲ್ಲಿ, ನಡುವೆ ಅರ್ಧವಿರಾಮ. ಬಸ್ಸಿನ ಒಂದು ಸೀಟಿನಲ್ಲಿ ಕೂತವರ ನಡುವಿನ ಚೀಲದ ಹಾಗೆ.

ನನಗೆ ಎರಡನೇ ಬಗೆಯೇ ಇಷ್ಟವಾಯಿತು. ಅದರಲ್ಲಿ ಗೌರಜ್ಜಿ ಸಾಲಿನೊಳಗೆ ಬಂದು ಕೂತು ಮಾತಾಡುತ್ತಾಳೆ. ಮೊದಲನೆಯದರಲ್ಲಿ ಬಾಗಿಲ ಹಿಂದೆ ನಿಂತಿರುತ್ತಾಳೆ. ಹೇಳಬೇಕೆಂದುಕೊಂಡೆ. ಹೇಳಲಿಲ್ಲ.

3 ಆಗಸ್ಟ್, ಭಾನುವಾರ

ಮಳೆ. ಸ್ಟೇಷನ್ನಿನ ಕೆಳಗೆ ಮೊಣಕಾಲು ನೀರು. ಡಮ್ ಡಮ್‌ಗೆ ಹೋಗಲಿಲ್ಲ. ಹೊಸ ಭಾಗ ಕೆಲಸ ಮಾಡುತ್ತಿದೆಯಂತೆ (ರತ್ನಾಕರ, ಫೋನಿನಲ್ಲಿ). ಇನ್ನೆರಡು ವಾರದಲ್ಲಿ ಅಚ್ಚಿನ ಹಾಳೆ ನೋಡಲು ಕಳಿಸುತ್ತಾನಂತೆ.

ಜಮ್ಶೇಡ್‌ಪುರದಿಂದ ಒಂದು ಸಂಬಂಧ ಬಂದಿದೆ (ಅಮ್ಮ). ಅವರಿಗೆ ಹುಡುಗಿ ಬರೆಯುತ್ತಾಳೆ ಎಂಬುದನ್ನು ಈಗಲೇ ಹೇಳುವುದು ಬೇಡ ಎಂದು ಅಮ್ಮ ಅಪ್ಪನಿಗೆ ಹೇಳುತ್ತಿದ್ದಳು. ಅಪ್ಪ ನಾಳೆಯ ಅಕ್ಕಿ ನೆನೆಸಲು ಎದ್ದು ಹೋದರು.

16 ಆಗಸ್ಟ್, ಶನಿವಾರ

ಹಾಳೆ ಬಂದಿದೆ.

ನನ್ನ ಹೆಸರು ಎಲ್ಲೂ ಇಲ್ಲ. ನಾನು ಕಣ್ಣಿಂದ ಕಂಡು ಬರೆದ ಕಡೆಯೆಲ್ಲ, ದುರ್ಗಾಪೂಜೆಯ ಭೋಗದ ನೈವೇದ್ಯಕ್ಕೆ ನಮ್ಮವರು ಮಾಡಿಕೊಡುವ ಪಾಯಸ, ಸಿಯಾಲ್ದಾ ಮಾರ್ಕೆಟಿನಲ್ಲಿ ಬಾಳೆಎಲೆ ಆರಿಸುವುದು, ಎಲ್ಲದರ ಕೊನೆಗೂ (ಗಣಪಯ್ಯ, 2008).

ಅಪ್ಪ ಒಂದು ಸಾಲು ಬರೆದವರಲ್ಲ.

20 ಆಗಸ್ಟ್, ಬುಧವಾರ. ಬಂದ್

ಊರೆಲ್ಲ ಮುಚ್ಚಿದೆ. ರೈಲಿಲ್ಲ, ಹೋಟೆಲಿಲ್ಲ. ಕೆಂಪು ಬಾವುಟ ಕಟ್ಟಿದ ರಸ್ತೆಯ ನಡುವೆ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಅಪ್ಪ ಪಾರ್ಟಿ ಆಫೀಸಿನ ಎದುರಿನ ಕಟ್ಟೆಯಲ್ಲಿ ಹರಟೆಗೆ ಕೂತಿದ್ದಾರೆ. ಹೊತ್ತು ಇದೆ, ಗೊತ್ತಿರುವುದನ್ನೆಲ್ಲ ಬರೆದು ನೋಡುತ್ತೇನೆ.

ಹಾಳೆಯ ಲಕೋಟೆ ಹೋಟೆಲಿಗೆ ಬಂದದ್ದು ಗುರುವಾರ (ಲಕೋಟೆಯ ಮೇಲೆ ರತ್ನಾಕರ ಹಾಕಿದ ತಾರೀಕು). ಅಪ್ಪ ನನಗೆ ಕೊಟ್ಟದ್ದು ಶನಿವಾರ (ನಾನು). ಕೊಡುವಾಗ ಅಂಟು ಬಿಚ್ಚಿತ್ತು, ಮೊದಲ ಹಾಳೆಯಲ್ಲಿ ಎಣ್ಣೆಯ ಬೆರಳಿನ ಗುರುತು ಇತ್ತು (ನಾನು ಕಂಡದ್ದು). ಹಾಳೆ ಬರುವ ಮೊದಲು, ಜುಲೈ ಕೊನೆಗೆ, ಅಪ್ಪ ಒಬ್ಬರೇ ಡಮ್ ಡಮ್‌ಗೆ ಹೋಗಿದ್ದರು, ಮನೋರಮಕ್ಕನ ಮನೆಯ ಸತ್ಯನಾರಾಯಣ ಪೂಜೆಗೆ ಅಡುಗೆ ಕೊಡಲು (ಅಮ್ಮ). ಬರುವಾಗ ಬಹಳ ಖುಷಿಯಲ್ಲಿದ್ದರು (ಅಮ್ಮ). ಅಲ್ಲಿ ಕೃಷ್ಣರಾಜರ ಹತ್ತಿರ ಕೂತು, ಮದುವೆಯಾಗಬೇಕಾದ ಹುಡುಗಿ, ಅವಳ ಹೆಸರು ಅಚ್ಚಿನಲ್ಲಿ ಬೇಡ, ನನ್ನದನ್ನೇ ಹಾಕಿ ಎಂದಿದ್ದಾರೆ. ಕೃಷ್ಣರಾಜರಿಗೆ ಅದೇ ಸುಲಭ. ಸಂಘದಲ್ಲಿ ಅಪ್ಪನನ್ನು ಎಲ್ಲರೂ ಬಲ್ಲರು, ನನ್ನನ್ನು ಯಾರು ಬಲ್ಲರು. ಅಪ್ಪನಿಗೆ ನಾನು ಓದುವುದು ಎಂದೂ ಬೇಕಿರಲಿಲ್ಲ (ಎಲ್ಲರಿಗೂ ಗೊತ್ತು). ಈಗ ಬರೆಯುವುದೂ ಬೇಡ.

ಓದಿ ನೋಡಿದೆ. ನಡುವಿನ ಮೂರು ನಾಲ್ಕು ಸಾಲಿಗೆ ಕಂಸ ಹಾಕಿಲ್ಲ. ಯಾರ ಹೆಸರು ಹಾಕಲಿ?

24 ಆಗಸ್ಟ್, ಭಾನುವಾರ

ಹೋಗಲಿಲ್ಲ. ತಲೆನೋವು ಎಂದೆ.

ಅಪ್ಪ ಸಂಜೆ ನೊಲೆನ್ ಗುಡದ್ದಲ್ಲ, ಈಗ ಆ ಚಳಿಗಾಲದ ಬೆಲ್ಲ ಸಿಗುವ ಕಾಲವಲ್ಲ, ಸಾದಾ ಸಂದೇಶ್ ಮಿಠಾಯಿ ತಂದುಕೊಟ್ಟರು. ನನಗೊಬ್ಬಳಿಗೇ. ಕಣ್ಣಿಗೆ ಒಳ್ಳೆಯದು, ಬರೆಯುವವಳು ತಿನ್ನಬೇಕು ಎಂದರು. ಇಷ್ಟು ವರ್ಷದಲ್ಲಿ ಬರೆಯುವವಳು ಎಂದು ಅವರು ಕರೆದದ್ದು ಇದೇ ಮೊದಲು. ಕಸಿದುಕೊಂಡವರು ಹಾಗೆ ಸವರುವುದುಂಟು. ತಿಂದೆ. ಚೆನ್ನಾಗಿತ್ತು.

7 ಸೆಪ್ಟೆಂಬರ್, ಭಾನುವಾರ

ಇವತ್ತು ಹೋದೆ. ಕೇಳಿಯೇ ಬಿಡಬೇಕೆಂದು ಹೋದೆ. ಮೆಟ್ರೊದಲ್ಲಿ ಕೂತು ಬಾಯಿಪಾಠ ಮಾಡಿಕೊಂಡ ಮಾತು ಡಮ್ ಡಮ್‌ನ ಮೆಟ್ಟಿಲಿಳಿಯುವಾಗ ಅರ್ಧ ಉದುರಿ ಹೋಗಿತ್ತು.

ಕೇಳುವ ಮೊದಲು ಕೊನೆಯ ಸಲ ನೋಡೋಣವೆಂದು ಕೃಷ್ಣರಾಜರ ಜಗಲಿಯಲ್ಲಿ ಹಾಳೆ ಬಿಡಿಸಿದೆ. ಮೊದಲ ಸಲ ನಾನು ನೋಡಿದ್ದು ನನ್ನ ಹೆಸರು ಇದೆಯೇ ಎಂಬುದನ್ನು ಮಾತ್ರ. ಉಳಿದವರ ಕಂಸಗಳ ಮೇಲೆ ಕಣ್ಣು ಹಾಯಿಸಿಯೇ ಇರಲಿಲ್ಲ. ಮೂರನೇ ದಿನದ ಕಷಾಯದ ಸಾಲಿನ ಕೊನೆಗೆ (ಗುಂಡಪ್ಪ, 2008) ಎಂದಿತ್ತು. ಗುಂಡಪ್ಪ ಗೌರಜ್ಜಿಯ ಗಂಡ, ಸತ್ತು ಎಷ್ಟೋ ಕಾಲವಾಯಿತು. ಬಾಣಂತಿಯ ಹೊಟ್ಟೆಗೆ ಬಟ್ಟೆ ಕಟ್ಟುವ ವಿಷಯಕ್ಕೆ (ಶ್ಯಾಮಸುಂದರ, 2008). ಅದನ್ನು ಹೇಳಿದವರು ಪಾರ್ವತಕ್ಕ, ಹೇಳುವಾಗ ಗಂಡ ಬಂದನೆಂದು ಮಾತು ನಿಲ್ಲಿಸಿದ್ದರು. ಪುಟ ತಿರುವಿದ ಹಾಗೆ ಎಲ್ಲ ಹೆಂಗಸರೂ ಗಂಡಸರಾಗಿದ್ದರು. ಪುಸ್ತಕದಲ್ಲಿ ಒಬ್ಬಳೂ ಉಳಿದಿರಲಿಲ್ಲ.

ನನಗೆ ಬಾಯಿಪಾಠದ ಮಾತು ಮರೆತೇ ಹೋಯಿತು. ಒಳಗೆ ಹೋಗಿ, ಕೃಷ್ಣರಾಜರ ಮುಂದೆ ನಿಂತು, ಹಾಳೆ ಹಿಡಿದು ಓದಿದೆ. ನನ್ನ ದನಿ ಅಷ್ಟು ಗಟ್ಟಿಯೆಂದು ನನಗೆ ಗೊತ್ತಿರಲಿಲ್ಲ.

"ಸರ್‌ನೇಮ್ ಬರುವುದೇ ಹಾಗೆ" ಎಂದರು ಅವರು. "ಪ್ರಪಂಚದಲ್ಲೆಲ್ಲ ಅದೇ ಕ್ರಮ. ಬ್ಯಾಂಕಿನಲ್ಲಿ ಕೂಡ."

"ಗುಂಡಪ್ಪಜ್ಜ ಬಾಣಂತಿ ಕೋಣೆಗೆ ಕಾಲಿಟ್ಟವರಲ್ಲ" ಎಂದೆ.

ರತ್ನಾಕರ ಕಂಪ್ಯೂಟರಿನ ಹತ್ತಿರ ಕರೆದು ತೋರಿಸಿದ. ಹೆಸರು ತುಂಬುವ ಜಾಗದಲ್ಲಿ ಪ್ರೋಗ್ರಾಮು ಕೊನೆಯ ಪದವನ್ನು ಮನೆತನದ ಹೆಸರೆಂದು ತಿಳಿಯುತ್ತದೆ, ಕಂಸಕ್ಕೆ ಅದನ್ನೇ ಎತ್ತಿಕೊಳ್ಳುತ್ತದೆ. ಗೌರಿ ಗುಂಡಪ್ಪ, ಪಾರ್ವತಿ ಶ್ಯಾಮಸುಂದರ ಎಂದು ಬರೆದುಕೊಟ್ಟವಳು ನಾನೇ. ನಮ್ಮಲ್ಲಿ ಹೆಂಗಸರನ್ನು ಬರೆಯುವುದೇ ಹಾಗೆ, ಮುಂದೆ ಅವಳು, ಹಿಂದೆ ಅಪ್ಪ ಅಥವಾ ಗಂಡ. ಕಟ್ಟಿನ ಮೇಲೆ ದಪ್ಪಗೆ ಸುಗಂಧಿ ಗಣಪಯ್ಯ ಎಂದು ಬರೆದದ್ದೂ ನಾನೇ. ಅಪ್ಪ ಇಲ್ಲಿ ಏನಾದರೂ ಹೇಳಿದ್ದರೇ ಎಂದು ಕೇಳಿದೆ. ಪೂಜೆಯ ದಿನ ಬಂದವರು ಅಡುಗೆಮನೆ ಬಿಟ್ಟು ಹೊರಗೇ ಬರಲಿಲ್ಲ, ಹೋಳಿಗೆ ಹರಿಯಲಿಲ್ಲವೆಂದು ಖುಷಿಯಲ್ಲಿ ಹೋದರು ಎಂದರು ಮನೋರಮಕ್ಕ.

ಆಮೇಲೆ ಅವರು ಹಾಳೆಯ ಮೇಲೆ ಬಗ್ಗಿ, "ನನ್ನ ಹಾಗಲಕಾಯಿ ಗೊಜ್ಜು ಎಲ್ಲುಂಟು?" ಎಂದರು. ಹುಡುಕಿದೆವು. (ಕೃಷ್ಣರಾಜ, 2008).

ಮನೋರಮಕ್ಕ ಗಂಡನನ್ನು ನೋಡಿದರು. "ಒಳ್ಳೇದಾಯ್ತು. ರಾತ್ರಿಗೆ ನೀವೇ ಮಾಡಿ. ಹಾಗಲಕಾಯಿ ಬುಟ್ಟಿಯಲ್ಲಿ ಉಂಟು."

ರತ್ನಾಕರ ನಕ್ಕು ಕುರ್ಚಿಯಿಂದ ಬೀಳುವುದರಲ್ಲಿದ್ದ. ಕೃಷ್ಣರಾಜರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿದರು, ಮತ್ತೆ ತೆಗೆದರು. ಕೊನೆಗೆ, "ಇದಕ್ಕೆ ಎಂತ ಮಾಡುವುದು ನೋಡೋ" ಎಂದು ಮಗನಿಗೆ ಹೇಳಿದರು.

ಬರುವಾಗ ಚಕ್ಕುಲಿ ಕೇಳಿ ಕಟ್ಟಿಸಿಕೊಂಡೆ.

ಆದರೆ ಲಕೋಟೆ ಎರಡು ದಿನ ಎಲ್ಲಿತ್ತು?

21 ಸೆಪ್ಟೆಂಬರ್, ಭಾನುವಾರ

ಪ್ರೋಗ್ರಾಮು ಮಾಡುವವರಿಗೆ ರತ್ನಾಕರ ಬರೆದು ಹಾಕಿದ್ದ. ಹೆಸರಿನ ಯಾವ ಪದವನ್ನು ಕಂಸಕ್ಕೆ ತೆಗೆದುಕೊಳ್ಳಬೇಕು ಎಂಬುದನ್ನು ಬರೆಯುವವರೇ ಹೇಳುವ ಹಾಗಿರಬೇಕು ಎಂದು. ಮೊದಲು ಒಬ್ಬ, ಅಂಥ ಹೆಸರು ನಿಜವಾಗಿ ಬಳಕೆಯಲ್ಲಿದೆಯೇ, ಆಧಾರ ಏನು ಎಂದು ಕೇಳಿದನಂತೆ. ನನಗೆ ಸಿಟ್ಟು ಬರಲಿಲ್ಲ. ಕೇಳಬೇಕಾದದ್ದೇ. ಗೌರಜ್ಜಿಯ ಕಷಾಯದ ಸಾಲನ್ನೇ ಕಳಿಸು, ಹೇಳಿದವಳು ಹೆಂಡತಿ, ಅಚ್ಚಾದದ್ದು ತೀರಿಕೊಂಡ ಗಂಡ ಎಂದು ಬರೆ ಎಂದೆ. ಅವನು ಇಂಗ್ಲಿಷ್ ಮಾಡಿ ಕಳಿಸಿದ.

ಐಸ್‌ಲ್ಯಾಂಡ್ ಎಂಬ ಕಡೆಯಿಂದ ಒಬ್ಬಳು ಉತ್ತರ ಬರೆದಿದ್ದಾಳೆ. ಅವರಲ್ಲೂ ಹಿಂದಿರುವುದು ಅಪ್ಪನ ಹೆಸರಂತೆ, ಪುಸ್ತಕದಲ್ಲಿ ಅವಳ ಸ್ವಂತ ಹೆಸರನ್ನೇ ಹಾಕಬೇಕಂತೆ. ಜಾವಾದ ಒಬ್ಬನಿಗೆ ಇರುವುದೇ ಒಂದು ಹೆಸರು, ಪ್ರೋಗ್ರಾಮು ಎರಡನೆಯದನ್ನು ಕೇಳಿ ಕೇಳಿ ಅವನಿಗೆ ಸಾಕಾಗಿತ್ತಂತೆ. ಮೂವರೂ ಸೇರಿ ಸರಿ ಮಾಡಿದ್ದಾರೆ (ರತ್ನಾಕರ, ಇವತ್ತು).

"ದಿದಿ, ನಿಮ್ದು ಬಗ್ ರಿಪೋರ್ಟ್ ಸುಪರ್ ಥಾ" ಎಂದ. ಅದೇನೆಂದು ಕೇಳಿದೆ. ತಪ್ಪನ್ನು ಹೀಗಾಯಿತೆಂದು ಬಿಡಿಸಿ ಹೇಳುವುದಂತೆ.

ಆ ಎರಡನೇ ಬಗೆಯ ವಿಷಯವನ್ನೂ ಹೇಳಿಬಿಟ್ಟೆ. ಮುಖ್ಯವಾದ ಕಡೆ ಹೆಂಗಸರು ಕಂಸದ ಹೊರಗೆ ಬರಲಿ, ಸಾಲಿನಲ್ಲಿ ಕೂರಲಿ ಎಂದೆ. ಕೃಷ್ಣರಾಜರು ಎರಡನೇ ಸಲ ಕೇಳದೆ ಒಪ್ಪಿದರು. ಅದೂ ಸ್ವಲ್ಪ ವಿಚಿತ್ರವೇ.

3 ಅಕ್ಟೋಬರ್, ಶುಕ್ರವಾರ

ನಾಳಿದ್ದು ಷಷ್ಠಿ, ದುರ್ಗಾಪೂಜೆ ಶುರು. ಪಾಡಾದ, ಎಂದರೆ ನಮ್ಮ ಕೇರಿಯ, ಪೆಂಡಾಲಿಗೆ ಬಣ್ಣದ ಬಟ್ಟೆ ಸುತ್ತುತ್ತಿದ್ದಾರೆ. ಹೋಟೆಲಿನಲ್ಲಿ ನಿಲ್ಲಲು ಜಾಗವಿಲ್ಲ.

ಸರಿ ಮಾಡಿದ ಹಾಳೆ ಇವತ್ತು ಬಂತು. ಈ ಸಲವೂ ಅಪ್ಪನ ಕೈಗೇ. ನಾನು ಹೋದಾಗ ಅವರು ಗಲ್ಲಾದ ಮೇಲೆ ಹಾಳೆ ಹರಡಿ, ಬೆರಳಿನಲ್ಲಿ ಸಾಲು ಸಾಲು ಹುಡುಕುತ್ತಿದ್ದರು. ನನ್ನನ್ನು ಕಂಡು ಮೇಲೆ ನೋಡಿದರು.

"ನನ್ನನ್ನು ತೆಗೆದರಾ?" ಎಂದು ಕೇಳಿದರು.

ಯಂತ್ರದ ತಪ್ಪಾಗಿತ್ತು, ಬರೆದದ್ದು ನಾನಲ್ಲವಾ, ಅದಕ್ಕೆ ಎಂದೆ. ಹೌದು ಹೌದು, ನಾನೆಂತ ಬರೆದಿದ್ದೇನೆ, ಸರಿಯೇ ಆಯ್ತು ಎಂದರು. ಹಾಳೆಗಳನ್ನು ಅಂಚು ಕೂಡಿಸಿ ಕೊಟ್ಟು ಚಟ್ನಿ ಸಾಲುತ್ತದೆಯೇ ನೋಡಲು ಒಳಗೆ ಹೋದರು.

ಲಕೋಟೆ ಎರಡು ದಿನ ಎಲ್ಲಿತ್ತೆಂದು ಅಮ್ಮನನ್ನು ಕೇಳಿದೆ. ಅಪ್ಪ ಅದನ್ನು ಹಿಡಿದುಕೊಂಡು ತಿರುಗುತ್ತಿದ್ದರಂತೆ. ಸ್ಟೇಷನ್ನಿನ ಟಿಕೆಟ್ ಕೊಡುವವರಿಗೆ, ಹಾಲಿನವನಿಗೆ, ಪಾರ್ಟಿ ಆಫೀಸಿನ ದೇಬುದಾನಿಗೆ ತೋರಿಸಿದರಂತೆ. ಅವರಲ್ಲಿ ಯಾರಿಗೂ ಕನ್ನಡ ಬಾರದು. ಅಪ್ಪ ಒಂದೊಂದು ಕಂಸಕ್ಕೂ ಬೆರಳಿಟ್ಟು ಗಣಪಯ್ಯ, ಗಣಪಯ್ಯ ಎಂದು ಓದಿ ಹೇಳಿದರಂತೆ. ಮಗಳು ಪುಸ್ತಕದ ತುಂಬ ಅಪ್ಪನ ಹೆಸರು ಹಾಕಿದ್ದಾಳೆ ಎಂದರಂತೆ. ದೇಬುದಾ ಎಲ್ಲರಿಗೂ ಚಹಾ ಹೇಳಿದನಂತೆ.

(ಅಮ್ಮ. ಅವಳು ನೋಡಿದ್ದು.)

5 ಅಕ್ಟೋಬರ್

ಬರೆಯಲು ಏನೂ ಇಲ್ಲ. ಪೆಂಡಾಲಿನಲ್ಲಿ ಢಾಕ್ ಡೋಲು ಬಡಿಯುತ್ತಿದ್ದಾರೆ.

ಆಗಸ್ಟಿನ ಬಂದ್ ದಿನ ಬರೆದದ್ದನ್ನು ತೆಗೆದು, ಕಂಸ ಇಲ್ಲದ ಆ ಸಾಲುಗಳ ಕೊನೆಗೆ (ಸುಗಂಧಿ, ಊಹೆ) ಎಂದು ಬರೆದೆ.

'ಎಲ್ಲರಿಗೂ ಗೊತ್ತು' ಎಂದು ಬರೆದ ಕಡೆ ಏನು ಮಾಡಬೇಕೋ ತಿಳಿಯಲಿಲ್ಲ. ಎಲ್ಲರೂ ಎಂದರೆ ಯಾರು?

11 ಜನವರಿ 2009, ಭಾನುವಾರ

ಇನ್ನೂ ಅಚ್ಚಿಗೆ ಹೋಗದ ಪುಸ್ತಕಕ್ಕೆ ಇನ್ನೊಂದು ಅಧ್ಯಾಯ ಬೇಕೆಂದು ನಾನೇ ಕೃಷ್ಣರಾಜರನ್ನು ಕೇಳಿದ್ದೆ, ಹೋಟೆಲಿನ ಅಡುಗೆಮನೆಗಳ ಬಗ್ಗೆ. ಇಷ್ಟು ಮನೆಗಳಿಗೆ ಹೋಗಿ ಕೂತು ಕೇಳಿದವಳು ನಮ್ಮ ಹೋಟೆಲಿನಲ್ಲಿ ಕೂತು ಕೇಳಿರಲಿಲ್ಲ.

ಮಧ್ಯಾಹ್ನದ ಗಿರಾಕಿ ಮುಗಿದ ಮೇಲೆ ಅಪ್ಪ ತುರಿಮಣೆ ಎಳೆದುಕೊಂಡು ಕೂತರು. ಎದುರು ಕೂತೆ. ಎಂತ ಬೇಕು ಎಂದರು. ಹೇಳಿ, ಬರೆದುಕೊಳ್ಳುತ್ತೇನೆ ಎಂದೆ. ಮೊದಲು ನಾಚಿದರು. ಆಮೇಲೆ ನಿಲ್ಲಲೇ ಇಲ್ಲ. ಗಣಪಯ್ಯ (2009) ಹೇಳುವಂತೆ, ಇಲ್ಲಿಯ ತೆಂಗಿನಕಾಯಿ ನೀರಿಗೆ ಒಳ್ಳೆಯದು, ಚಟ್ನಿಗಲ್ಲ. ಗಣಪಯ್ಯ (2009) ಹೇಳುವಂತೆ, ಮೊದಲ ವರ್ಷ ಬಂಗಾಳಿ ಗಿರಾಕಿಗಳು ಸಾಂಬಾರನ್ನು ದಾಲ್ ಎಂದು ತಿಳಿದು ಸಕ್ಕರೆ ಕೇಳುತ್ತಿದ್ದರು, ಅಪ್ಪ ಎರಡು ತಿಂಗಳು ಹಾಕಿಯೂ ಕೊಟ್ಟರು, ಯಾರಿಗೂ ಹೇಳಲಿಲ್ಲ.

ಎಲ್ಲವನ್ನೂ ಬರೆದುಕೊಂಡ ಮೇಲೆ, ಪುಸ್ತಕಕ್ಕಲ್ಲದ ಒಂದನ್ನು ಕೇಳಿದೆ. ನನ್ನನ್ನು ಇಲ್ಲಿ ಶಾಲೆಗೆ ಯಾಕೆ ಹಾಕಲಿಲ್ಲ?

ಅವರ ಕೈ ನಿಂತಿತು. "ಹಾಕಲಿಲ್ಲವಾ? ಕರಕೊಂಡು ಹೋಗಿದ್ದೆನಲ್ಲ ಮಗಾ, ನಿನಗೆ ನೆನಪಿಲ್ಲವಾ?"

ಅವರು ಹೇಳಿದ್ದು ಇದು. ಪಾಡಾದ ಶಾಲೆಯ ಹೆಡ್ಮಿಸ್ ಒಳ್ಳೆಯವರು. ಬಂಗಾಳಿ ಬಾರದ್ದಕ್ಕೆ ಎರಡನೇ ಕ್ಲಾಸಿನಲ್ಲಿ ಕೂರಿಸುತ್ತೇವೆ, ಬೇಗ ಮೇಲೆ ಹಾಕುತ್ತೇವೆ ಎಂದಿದ್ದರು. ನಾನು ಅಲ್ಲಿಯ ಸಣ್ಣ ಮಕ್ಕಳನ್ನು ನೋಡಿ ಗೇಟಿನ ಸರಳು ಹಿಡಿದುಕೊಂಡು, ಇಲ್ಲಿ ನನಗೆ ಒಂದಕ್ಷರವೂ ಬರುವುದಿಲ್ಲ, ಮನೆಗೆ ಹೋಗುವ ಎಂದು ಅತ್ತೆ. ಎಳೆದುಕೊಂಡು ಒಳಗೆ ಹೋಗಲು ಅವರಿಗೆ ಮನಸ್ಸಾಗಲಿಲ್ಲ. ಪೂಜೆಯ ರಜೆ ಕಳೆದ ಮೇಲೆ ನೋಡುವ ಎಂದುಕೊಂಡರು. ಅಷ್ಟರಲ್ಲಿ ಅಡುಗೆಯವನು ಬಿಟ್ಟು ಹೋದ (ಗಣಪಯ್ಯ, 2009).

ನನಗೆ ನೆನಪಿರುವುದು ಬೇರೆ. ನಾನು ಅತ್ತದ್ದು ನೆನಪಿಲ್ಲ. ಗೇಟಿನ ಹತ್ತಿರ ಅಪ್ಪ ಯಾರ ಜೊತೆಗೋ ಮಾತಾಡಿ, ಬಾ, ಇನ್ನೊಂದು ದಿನ ಎಂದರು. ಆ ಇನ್ನೊಂದು ದಿನ ಬರಲಿಲ್ಲ (ಸುಗಂಧಿ, 2009).

ಅಮ್ಮನನ್ನು ಕೇಳಿದೆ. ಅವಳು ಅಂದು ಹೋಟೆಲಿನಲ್ಲಿದ್ದಳು, ನೋಡಿಲ್ಲ.

ಯಾರದ್ದು ಸರಿ ಎಂದು ಗೊತ್ತಾಗುವ ಹಾಗಿಲ್ಲ. ಎರಡನ್ನೂ ಬರೆದಿಟ್ಟೆ, ಒಂದರ ಕೆಳಗೆ ಒಂದು. ಒಂದೇ ಒಂದು ಮಾತಿಗೆ ಇಬ್ಬರೂ ಒಪ್ಪಿದೆವು. ಅಂದು ಮನೆಯಿಂದ ಹೊರಟಲ್ಲಿಂದ, ರೈಲುಹಳಿ ದಾಟಿ, ಶಾಲೆಯ ಗೇಟಿನವರೆಗೆ ಅವರು ನನ್ನ ಕೈ ಬಿಟ್ಟಿರಲಿಲ್ಲ (ಗಣಪಯ್ಯ, 2009; ಸುಗಂಧಿ, 2009).